ಕೆಲ್ಮ್‌ಸ್ಕಾಟಿನ ಮಾಡು

ಹಳೆಯ ಮನೆಗಳನ್ನು ಮೆಚ್ಚುವವರಲ್ಲಿ ಎರಡು ಬಗೆ. ಅದರೊಳಗೆ ವಾಸಮಾಡುವವರು ಒಂದು. ಅದನ್ನು ನೋಡಲು ಬರುವವರು ಇನ್ನೊಂದು. ವಾಸಮಾಡುವವರ ಮೆಚ್ಚುಗೆಯಲ್ಲಿ ಯಾವಾಗಲೂ ಒಂದಿಷ್ಟು ಗೊಣಗಾಟ ಬೆರೆತಿರುತ್ತದೆ. ಸೋರುವ ಮೂಲೆ, ಹಣೆಗೆ ಬಡಿಯುವ ತಗ್ಗು ಬಾಗಿಲು, ಗೆದ್ದಲು ಹಿಡಿದ ತೊಲೆ, ಅಟ್ಟದ ಮೇಲಣ ಇಲಿಗಳ ಸಂಸಾರ—ಇವೆಲ್ಲ ಅವರಿಗೆ ಬಾಯಿಪಾಠ. ನೋಡಲು ಬರುವವರ ಮೆಚ್ಚುಗೆ ಮಾತ್ರ ಅಪ್ಪಟವಾದದ್ದು. ಏಕೆಂದರೆ ಅವರು ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾರೆ.

ಹಳೆಯ ಮನೆಗಳ ವಿಚಾರವಾಗಿ ಲೋಕದಲ್ಲಿ ಬರೆದವರು, ಹಾಡಿದವರು, ಕಣ್ಣೀರಿಟ್ಟವರು ಬಹುಮಟ್ಟಿಗೆ ಈ ಎರಡನೆಯ ಪಂಗಡದವರೇ. ಅಂಥವರಲ್ಲಿ ಅಗ್ರಗಣ್ಯನಾದ ಒಬ್ಬ ಮನುಷ್ಯನ ಮತ್ತು ಅವನು ಮನಸೋತ ಒಂದು ಮನೆಯ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಮನುಷ್ಯ ವಿಲಿಯಂ ಮಾರಿಸ್. ಕವಿ, ನೇಯ್ಗೆಗಾರ, ಬಣ್ಣಗಾರ, ಮುದ್ರಕ, ಸಮಾಜವಾದಿ. ಮನೆ ಇಂಗ್ಲೆಂಡಿನ ಕೆಲ್ಮ್‌ಸ್ಕಾಟ್ ಎಂಬ ಸಣ್ಣ ಹಳ್ಳಿಯಲ್ಲಿದೆ.

ಈ ಹಳ್ಳಿ ಆಕ್ಸ್‌ಫರ್ಡಿನಿಂದ ಪಶ್ಚಿಮಕ್ಕೆ, ಥೇಮ್ಸ್ ನದಿ ಇನ್ನೂ ಎಳೆಯ ಹೊಳೆಯಾಗಿರುವ ಕಡೆಯಲ್ಲಿದೆ. ಲಂಡನ್ನಿನಲ್ಲಿ ಹಡಗುಗಳನ್ನು ಹೊರುವ ನದಿ ಇದೇ ಎಂದರೆ ಇಲ್ಲಿ ನಂಬಿಕೆ ಬರುವುದಿಲ್ಲ. ದಡದಲ್ಲಿ ವಿಲೋ ಮರಗಳು, ಆಚೆ ಈಚೆ ಚಪ್ಪಟೆಯಾದ ಹುಲ್ಲುಗಾವಲು. ನನ್ನ ತಂಗಿಯ ಸಂಸಾರ ಆಕ್ಸ್‌ಫರ್ಡಿನಲ್ಲಿದೆ. ಬೇಸಿಗೆಯ ರಜೆಯಲ್ಲಿ ಅವಳ ಮನೆಗೆ ಹೋಗಿದ್ದಾಗ ಒಂದು ದಿನ ಇಲ್ಲಿಗೆ ಹೋಗಿಬರುವ ಅವಕಾಶ ಒದಗಿತು.

ಮನೆಯ ಹೆಸರು ಕೆಲ್ಮ್‌ಸ್ಕಾಟ್ ಮ್ಯಾನರ್. ಮ್ಯಾನರ್ ಎಂದೊಡನೆ ನಮ್ಮ ಕಣ್ಣಮುಂದೆ ಒಬ್ಬ ದೊಡ್ಡ ಜಮೀನುದಾರ, ಅವನ ದರ್ಬಾರು, ಕೈಕಟ್ಟಿ ನಿಂತ ಒಕ್ಕಲುಗಳು ಬಂದು ನಿಲ್ಲುತ್ತಾರೆ. ಇಲ್ಲಿ ಅಂಥದೇನೂ ಇರಲಿಲ್ಲ. ಆ ಹೆಸರೇ ಹತ್ತೊಂಬತ್ತನೆಯ ಶತಮಾನದಲ್ಲಿ ಅಂಟಿಕೊಂಡದ್ದು. ಮೂಲದಲ್ಲಿ ಇದು ಟರ್ನರ್ ಎಂಬ ಅನುಕೂಲಸ್ಥ ರೈತ ಮನೆತನದವರ ಹೊಲಮನೆ. ಹದಿನಾರನೆಯ ಶತಮಾನ ಮುಗಿಯುತ್ತ ಬಂದ ಕಾಲದಲ್ಲಿ, ಎಂದರೆ ೧೫೭೦ಕ್ಕೂ ೧೬೦೦ಕ್ಕೂ ನಡುವೆ, ಮೊದಲನೆಯ ಭಾಗ ಎದ್ದಿತು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ, ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ, ಈಶಾನ್ಯದ ಕಡೆಗೆ ಇನ್ನೊಂದು ಕಟ್ಟನ್ನು ಸೇರಿಸಿದರು. ಹಳೆಯ ಭಾಗ ಮೈಮುರಿದು ದುಡಿಯುವ ರೈತನಂತಿದೆ. ಹೊಸ ಭಾಗ ಪೇಟೆಗೆ ಹೋಗಿಬಂದ ಮಗನಂತೆ. ಅದರ ಅಟ್ಟದ ಕಿಟಕಿಗಳ ನೆತ್ತಿಯ ಮೇಲೆ ರೋಮನರ ದೇಗುಲದಲ್ಲಿರುವಂಥ ಪುಟ್ಟ ತ್ರಿಕೋನಗಳು ಕುಳಿತಿವೆ; ಒಳಗೆ ಅಗ್ಗಿಷ್ಟಿಕೆಯ ಕಲ್ಲಿನ ಮೇಲೆ ವಂಶದ ಲಾಂಛನವನ್ನು ಕೆತ್ತಿಸಿದ್ದಾರೆ. ಬೆಳೆ ಕೈಹತ್ತಿದ ಎಲ್ಲ ಮನೆತನಗಳ ಚರಿತ್ರೆಯೂ ಹೀಗೆಯೇ.

ಗೋಡೆಗಳೆಲ್ಲ ಸುತ್ತಿನ ನೆಲದಲ್ಲಿಯೇ ಸಿಗುವ ಸುಣ್ಣಕಲ್ಲಿನವು. ಒರಟು ಕಲ್ಲನ್ನು ಗಾರೆಯಲ್ಲಿ ಕೂರಿಸಿ, ಕಿಟಕಿ ಬಾಗಿಲುಗಳ ಅಂಚಿಗೆ ಮಾತ್ರ ನಯಗೆಲಸದ ಕಲ್ಲನ್ನು ಇಟ್ಟಿದ್ದಾರೆ. ಕಿಟಕಿಗಳನ್ನು ಸೀಳಿ ನಿಂತಿರುವ ಕಂಬಿಗಳೂ ಕಲ್ಲಿನವೇ. ಗೋಡೆ ಮೇಲಕ್ಕೆ ಹೋದ ಹಾಗೆಲ್ಲ ಕೂದಲೆಳೆಯಷ್ಟು ಒಳಕ್ಕೆ ಬಾಗುತ್ತದೆ. ಮಾಡಿನ ಒಂದೊಂದು ಕೊನೆಯಲ್ಲಿಯೂ ಗೋಡೆಯೇ ಮುಮ್ಮೂಲೆಯಾಗಿ ನೆತ್ತಿಯವರೆಗೆ ಏರುತ್ತದೆ. ಇವುಗಳ ಸಾಲು ದೂರದಿಂದ ನೋಡುವವನಿಗೆ ಒಂದು ಮನೆಯಲ್ಲ, ಒತ್ತಿಕೊಂಡು ಕುಳಿತ ಒಂದು ಕೇರಿಯಂತೆ ಕಾಣುತ್ತದೆ.

ಆದರೆ ಈ ಮನೆಯ ನಿಜವಾದ ಸೊಬಗು ಅದರ ಮಾಡು. ಅದಕ್ಕೆ ಹೊದಿಸಿರುವುದು ಹೆಂಚಲ್ಲ. ತೆಳುವಾಗಿ ಸೀಳಿದ ಕಲ್ಲು. ಆ ಸೀಮೆಯಲ್ಲಿ ಈ ಕಲ್ಲನ್ನು ಸೀಳುವ ಬಗೆಯೂ ಕೇಳಲು ಚೆಂದ. ಆಕ್ಸ್‌ಫರ್ಡ್ ಪ್ರಾಂತದ ಸ್ಟೋನ್ಸ್‌ಫೀಲ್ಡ್ ಎಂಬ ಊರಿನಲ್ಲಿ ನೆಲದಡಿಯಿಂದ ತೆಗೆದ ಕಲ್ಲನ್ನು ಒಣಗಗೊಡದೆ ನೀರು ಹಾಕಿ ಚಳಿಗಾಲಕ್ಕೆ ಒಡ್ಡಿಡುತ್ತಿದ್ದರು. ಕಲ್ಲಿನ ಪದರಗಳ ನಡುವೆ ಸೇರಿದ ನೀರು ಇರುಳಿನ ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ತಾನಾಗಿ ಬಿಡಿಸುತ್ತಿತ್ತು. ಅರ್ಧ ಕೆಲಸ ಮನುಷ್ಯನದು, ಅರ್ಧ ಹಿಮದ್ದು. ಹೀಗೆ ಬಂದ ಬಿಲ್ಲೆಗಳನ್ನು ಅಳತೆಯಂತೆ ವಿಂಗಡಿಸಿ, ಒಂದೊಂದರಲ್ಲಿಯೂ ತೂತು ಕೊರೆದು, ಮರದ ಗೂಟ ಹಾಕಿ ರೀಪಿಗೆ ನೇತುಹಾಕುತ್ತಿದ್ದರು. ಸೂರಿನ ಬಳಿ ಎಲ್ಲಕ್ಕಿಂತ ದೊಡ್ಡ ಬಿಲ್ಲೆ, ಮೇಲಕ್ಕೆ ಹೋದಂತೆ ಚಿಕ್ಕದು, ಇನ್ನೂ ಚಿಕ್ಕದು, ನೆತ್ತಿಯಲ್ಲಿ ಅಂಗೈಯಗಲದ್ದು. ಇದು ಅಲಂಕಾರಕ್ಕಾಗಿ ಮಾಡಿದ್ದಲ್ಲ. ಭಾರವಾದ ಕಲ್ಲು ಗೋಡೆಯ ಹತ್ತಿರವಿದ್ದರೆ ತೊಲೆಗಳಿಗೆ ಸುಖ. ಮಳೆಯ ನೀರೆಲ್ಲ ಹರಿದು ಸೇರುವುದು ಸೂರಿನ ಕಡೆಗಾದ್ದರಿಂದ ಅಲ್ಲಿ ಸಂದುಗಳು ಕಡಿಮೆಯಿದ್ದಷ್ಟೂ ಕ್ಷೇಮ. ಆದರೂ ಕೆಳಗೆ ನಿಂತು ಕತ್ತೆತ್ತಿ ನೋಡಿದಾಗ ಮೀನಿನ ಮೈಯನ್ನು ನೋಡಿದಂತಾಗುತ್ತದೆ. ಉಪಯೋಗಕ್ಕೆಂದು ಮಾಡಿದ್ದು ತಾನಾಗಿಯೇ ಚೆಲುವಾಗುವ ಈ ಬಗೆಯೇ ಮಾರಿಸನ ಮನಸ್ಸನ್ನು ಹಿಡಿದದ್ದು. ಜೀವಮಾನವೆಲ್ಲ ಅವನು ಬೋಧಿಸಿದ್ದು ಇದನ್ನೇ.

ಮಾರಿಸ್ ಈ ಮನೆಯನ್ನು ಕೊಂಡವನಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ೧೮೭೧ರಲ್ಲಿ, ತನ್ನ ಮೂವತ್ತೇಳನೆಯ ವಯಸ್ಸಿನಲ್ಲಿ, ಚಿತ್ರಕಾರನೂ ಕವಿಯೂ ಆದ ರೊಸೆಟಿಯೊಡನೆ ಸೇರಿ ಬಾಡಿಗೆಗೆ ಹಿಡಿದ. ಕೊನೆಯವರೆಗೂ ಬಾಡಿಗೆದಾರನಾಗಿಯೇ ಉಳಿದ. ಇನ್ನೊಂದು ಮಾತೂ ಉಂಟು. ಈ ಜೊತೆ ಬಾಡಿಗೆಯ ಏರ್ಪಾಡಿನ ಹಿಂದೆ ಒಂದು ಸಂಕಟವಿತ್ತು. ಮಾರಿಸನ ಹೆಂಡತಿ ಜೇನ್ ಆಕ್ಸ್‌ಫರ್ಡಿನ ಒಬ್ಬ ಕುದುರೆಲಾಯದವನ ಮಗಳು, ಬಡತನದಲ್ಲಿ ಬೆಳೆದವಳು. ಅವಳಿಗೂ ರೊಸೆಟಿಗೂ ಪ್ರೇಮವಿದ್ದದ್ದು ಗಂಡನಿಗೆ ತಿಳಿದಿತ್ತು. ಮನೆಯನ್ನು ಹಿಡಿದ ಬೇಸಿಗೆಯಲ್ಲಿಯೇ ಅವನು ಅವರಿಬ್ಬರನ್ನೂ ಮಕ್ಕಳನ್ನೂ ಅಲ್ಲಿ ಬಿಟ್ಟು ಐಸ್‌ಲೆಂಡಿಗೆ ಹಡಗು ಹತ್ತಿದ. ಹಿಮ, ಬೆಂಕಿ, ಹಳೆಯ ವೀರಗಾಥೆಗಳ ಆ ದೇಶದಲ್ಲಿ ಕುದುರೆಯ ಮೇಲೆ ತಿರುಗಿ ಮನಸ್ಸನ್ನು ಗಟ್ಟಿಮಾಡಿಕೊಂಡು ಬಂದ.

ರೊಸೆಟಿ ಚಿತ್ರ ಬರೆಯಲು ಆರಿಸಿಕೊಂಡದ್ದು ಮಹಡಿಯ ಮೇಲಿನ ಒಂದು ಕೋಣೆಯನ್ನು. ಅದರ ಗೋಡೆಗೆ ಹದಿನೇಳನೆಯ ಶತಮಾನದ ಚಿತ್ರನೇಯ್ಗೆಯ ಪರದೆಗಳು ಇಂದಿಗೂ ತೂಗುಬಿದ್ದಿವೆ. ಬೈಬಲಿನ ಸ್ಯಾಮ್ಸನ್ನನ ಕಥೆ ಅವುಗಳ ವಸ್ತು. ನಂಬಿದವಳಿಂದ ಮೋಸಹೋದವನ ಕಣ್ಣು ಕೀಳುವ ದೃಶ್ಯದ ಎದುರಿನಲ್ಲಿ ಕುಳಿತು ರೊಸೆಟಿ ಗೆಳೆಯನ ಹೆಂಡತಿಯ ಚಿತ್ರ ಬರೆಯುತ್ತಿದ್ದ. ೧೮೭೪ರಲ್ಲಿ ಅವನು ಈ ಮನೆಯನ್ನು ಬಿಟ್ಟು ಹೋದ; ಮತ್ತೆ ಬರಲಿಲ್ಲ. ಆ ಕೋಣೆಯಲ್ಲಿ ನಿಂತಾಗ ನನಗೆ ಹೊಳೆದದ್ದು ಇಷ್ಟೇ: ಈ ಮನೆಯನ್ನು ಮಾರಿಸ್ ಸ್ವರ್ಗವೆಂದು ಕರೆದದ್ದು ಅಲ್ಲಿ ದುಃಖವಿರಲಿಲ್ಲ ಎಂಬ ಕಾರಣಕ್ಕಲ್ಲ. ದುಃಖವನ್ನು ಒಳಗಿಟ್ಟುಕೊಂಡೂ ಮನೆ ಮನೆಯಾಗಿಯೇ ನಿಂತಿತ್ತು.

ಮುಂದೆ ಈ ಮನೆಯಿಂದ ಹೊರಬಿದ್ದ ಕೆಲಸಗಳು ಹಲವು. ತೋಟದಲ್ಲಿ ಹಣ್ಣಿಗೆ ಹಾಕಿದ ಬಲೆಯಡಿ ನುಸುಳಿ ಸ್ಟ್ರಾಬೆರಿಯನ್ನು ಕದಿಯುತ್ತಿದ್ದ ಥ್ರಷ್ ಹಕ್ಕಿಗಳೇ ೧೮೮೩ರ ‘ಸ್ಟ್ರಾಬೆರಿ ಕಳ್ಳ’ ಎಂಬ ಹೆಸರಾಂತ ಬಟ್ಟೆಯ ಮೇಲೆ ಬಂದು ಕುಳಿತವು. ಹೊಳೆದಂಡೆಯ ವಿಲೋ ರೆಂಬೆಗಳು ೧೮೮೭ರಲ್ಲಿ ಗೋಡೆಗೆ ಅಂಟಿಸುವ ಕಾಗದವಾದುವು. ಆ ಕಳ್ಳ ಹಕ್ಕಿಗಳ ಬಟ್ಟೆಯ ಹಿನ್ನೆಲೆ ಕಡು ನೀಲಿ. ಬಟ್ಟೆಯನ್ನೆಲ್ಲ ನೀಲಿಯ ತೊಟ್ಟಿಯಲ್ಲಿ ಅದ್ದಿ, ಬೇಡವಾದ ಕಡೆ ಬಣ್ಣವನ್ನು ತೆಗೆದು, ಆ ಬಿಳುಪಿನ ಮೇಲೆ ಮತ್ತೆ ಬೇರೆ ಬಣ್ಣಗಳನ್ನು ಅಚ್ಚೊತ್ತುವ ಶ್ರಮದ ಕೆಲಸ ಅದು. ಆ ಕಾಲದಲ್ಲಿ ಲೋಕದ ಪೇಟೆಗೆ ನೀಲಿ ಬಹುಪಾಲು ಹೋಗುತ್ತಿದ್ದದ್ದು ನಮ್ಮ ಬಂಗಾಳ ಬಿಹಾರಗಳಿಂದ. ಅದನ್ನು ಬೆಳೆದ ರೈತರ ಗೋಳು ಗಾಂಧೀಜಿ ೧೯೧೭ರಲ್ಲಿ ಚಂಪಾರಣಕ್ಕೆ ಹೋಗುವವರೆಗೂ ಮುಗಿದಿರಲಿಲ್ಲ. ನಮ್ಮ ದೇಶದ ಕಸುಬುದಾರರ ವಿಷಯವಾಗಿ ಮಾರಿಸನಿಗೆ ಅರಿವಿರಲಿಲ್ಲವೆಂದಲ್ಲ. ೧೮೭೯ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿದ ಭಾಷಣದಲ್ಲಿ, ಇಂಗ್ಲಿಷರ ವ್ಯಾಪಾರ ಹಿಂದೂಸ್ಥಾನದ ಕಲೆಗಳನ್ನು ಕೊಲ್ಲುತ್ತಿದೆಯೆಂದು ತನ್ನವರ ಎದುರಿನಲ್ಲಿಯೇ ನೊಂದು ಹೇಳಿದ. ಅವನ ಮಾತಿನ ಕಿಡಿ ಹಾರಿ ಬಿದ್ದದ್ದು ನಮ್ಮವರೇ ಆದ ಆನಂದ ಕುಮಾರಸ್ವಾಮಿಯವರ ಮೇಲೆ. ೧೯೦೮ರಲ್ಲಿ ಹೊರಬಂದ ಸಿಂಹಳದ ಮಧ್ಯಯುಗದ ಕಲೆಯ ಮೇಲಿನ ಅವರ ಮಹಾಗ್ರಂಥವನ್ನು ಅವರು ಮುದ್ರಿಸಿದ್ದು, ಮಾರಿಸ್ ತನ್ನ ಕೆಲ್ಮ್‌ಸ್ಕಾಟ್ ಮುದ್ರಣಾಲಯದಲ್ಲಿ ಚಾಸರ್ ಕವಿಯ ಕೃತಿಗಳನ್ನು ಅಚ್ಚುಹಾಕಿದ್ದ ಕೈಯಚ್ಚಿನ ಯಂತ್ರದಲ್ಲಿಯೇ.

ಆದರೆ ಕನ್ನಡದ ಮೇಷ್ಟರಾದ ನನಗೆ ಮಾರಿಸನಲ್ಲಿ ಎಲ್ಲಕ್ಕಿಂತ ಹತ್ತಿರವಾದದ್ದು ಅವನು ೧೮೭೭ರಲ್ಲಿ ಕಟ್ಟಿದ ಒಂದು ಸಂಘ. ಅದಕ್ಕೆ ಹಿಂದಿನ ವರ್ಷ ಕೆಲ್ಮ್‌ಸ್ಕಾಟಿಗೆ ಹತ್ತಿರದ ಬರ್ಫರ್ಡ್ ಎಂಬ ಊರಿನ ಹಳೆಯ ಚರ್ಚಿನಲ್ಲಿ ನಡೆಯುತ್ತಿದ್ದ ‘ಜೀರ್ಣೋದ್ಧಾರ’ವನ್ನು ಕಂಡು ಅವನ ಮೈ ಉರಿದುಹೋಯಿತು. ಅಂದಿನ ವಾಸ್ತುಶಿಲ್ಪಿಗಳಿಗೆ ಒಂದು ಹುಚ್ಚು ಹಿಡಿದಿತ್ತು. ಹಳೆಯ ಕಟ್ಟಡವನ್ನು ಅದರ ‘ಮೂಲರೂಪ’ಕ್ಕೆ ತರುತ್ತೇವೆಂದು ನಡುವೆ ಬಂದ ಶತಮಾನಗಳನ್ನೆಲ್ಲ ಕೆರೆದು ಎಸೆದು, ತಾವು ಊಹಿಸಿಕೊಂಡ ಹನ್ನೆರಡನೆಯ ಶತಮಾನವನ್ನು ಹೊಸ ಕಲ್ಲಿನಲ್ಲಿ ನಿಲ್ಲಿಸುತ್ತಿದ್ದರು. ಮಾರಿಸನ ಸಂಘ ಹೇಳಿದ್ದು ಬಹು ಸರಳವಾದದ್ದು: ಸೋರಿದರೆ ಸೋರಿಕೆ ನಿಲ್ಲಿಸಿ, ಬಾಗಿದರೆ ಊರೆ ಕೊಡಿ, ದಿನದಿನವೂ ಜೋಪಾನಮಾಡಿ, ಆದರೆ ಹಳೆಯದನ್ನು ಕೆರೆದು ಹೊಸ ಹಳತನ್ನು ಹುಟ್ಟಿಸಬೇಡಿ. ಜನ ಆ ಸಂಘಕ್ಕೆ ‘ಆಂಟಿ-ಸ್ಕ್ರೇಪ್’ ಎಂದು ಅಡ್ಡಹೆಸರಿಟ್ಟರು. ‘ಕೆರೆಯಬೇಡಿ ಸಂಘ’ ಎಂದು ನಾವು ಕನ್ನಡಿಸಬಹುದು. ಇದು ಬಾಯಿಮಾತಿನ ಆದರ್ಶವಾಗಿರಲಿಲ್ಲ. ಜೀರ್ಣೋದ್ಧಾರವಾಗುತ್ತಿದ್ದ ಹಳೆಯ ಚರ್ಚುಗಳಿಗೆ ಬಣ್ಣದ ಗಾಜಿನ ಕಿಟಕಿ ಮಾಡಿಕೊಡುವುದು ಅವನ ಕಂಪೆನಿಗೆ ಒಳ್ಳೆಯ ಆದಾಯ. ಆ ಕೆಲಸವನ್ನು ಇನ್ನು ಒಪ್ಪುವುದಿಲ್ಲವೆಂದು ತಾನೇ ಸಾರಿ ನಷ್ಟಪಟ್ಟ.

ಓಲೆಗರಿಗಳನ್ನು ಓದಿ ಗ್ರಂಥಸಂಪಾದನೆ ಮಾಡುವವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಲಿಪಿಕಾರನ ಕೈಯಲ್ಲಿ ಛಂದಸ್ಸು ಮುಗ್ಗರಿಸಿದ ಕಡೆ ತಿದ್ದಿ, ಕವಿ ಹೀಗೆಯೇ ಬರೆದಿರಬೇಕು ಎಂದು ಒಂದು ಅಂದವಾದ ಪದವನ್ನು ಕೂರಿಸಿಬಿಡುವ ಆಸೆ ಎಂಥ ವಿದ್ವಾಂಸನನ್ನೂ ಕೆಣಕುತ್ತದೆ. ಹಾಗೆ ಕೂರಿಸಿದ ಪದ ಕವಿಯದೂ ಅಲ್ಲ, ಲಿಪಿಕಾರನದೂ ಅಲ್ಲ; ನಮ್ಮದು. ಹೊಂದದ ಪಾಠವನ್ನು ಅಡಿಟಿಪ್ಪಣಿಗೆ ಇಳಿಸು, ಅಳಿಸಬೇಡ ಎಂದು ತರಗತಿಯಲ್ಲಿ ನಾನು ವರ್ಷವರ್ಷವೂ ಹೇಳುವ ಪಾಠವೇ ಕಲ್ಲು ಗಾರೆಗಳ ಭಾಷೆಯಲ್ಲಿ ಇಲ್ಲಿದೆ.

ತೊಡಕು ಬರುವುದು ಇದಾದ ಮೇಲೆ. ಓಲೆಗರಿಯಲ್ಲಿ ಯಾರೂ ವಾಸಮಾಡುವುದಿಲ್ಲ, ಮನೆಯಲ್ಲಿ ಮಾಡುತ್ತಾರೆ.

ಕೆಲ್ಮ್‌ಸ್ಕಾಟಿನ ಅಟ್ಟಕ್ಕೆ ಕಡಿದಾದ ಒಂದು ಏಣಿಮೆಟ್ಟಿಲಿದೆ. ಹಿಂದೆ ಹೊಲದ ಆಳುಗಳೂ ಕುರುಬರೂ ಅಲ್ಲಿ ಮಲಗುತ್ತಿದ್ದರು. ಮಾಡಿನ ದಪ್ಪ ದಪ್ಪ ತೊಲೆಗಳು ತಲೆಗೆ ತಗಲುವಷ್ಟು ತಗ್ಗಿನಲ್ಲಿವೆ. ಮಾರಿಸನಿಗೆ ಈ ಅಟ್ಟವೆಂದರೆ ಪ್ರಾಣ. ನನ್ನ ತಂಗಿ ಅಲ್ಲಿ ನಿಂತು ತೊಲೆಯನ್ನು ಮುಟ್ಟಿ, “ಅಣ್ಣ, ನಮ್ಮೂರ ಮನೆ ಅಟ್ಟದ ಹಾಗೇ ಇದೆಯಲ್ಲೋ! ದೊಡ್ಡಣ್ಣ ಅದನ್ನು ಕೆಡವಿಸುತ್ತಾನಂತೆ. ನೀನು ಬೇಡ ಅಂತ ಹೇಳಬೇಕು” ಎಂದಳು. ಅವಳ ಕಣ್ಣಿನಲ್ಲಿ ನೀರಿತ್ತು.

ಹಾಸನದ ಸೀಮೆಯ ನಮ್ಮೂರಿನಲ್ಲಿ ನಮ್ಮದೊಂದು ತೊಟ್ಟಿಯ ಮನೆಯುಂಟು. ನಾಡಹೆಂಚಿನ ಮಾಡು. ಅದರಲ್ಲಿ ದೊಡ್ಡಣ್ಣ ಅತ್ತಿಗೆಯರು ವಾಸವಾಗಿದ್ದಾರೆ. ಅಂಥ ಮಾಡಿಗೆ ವರ್ಷಕ್ಕೊಮ್ಮೆ, ಮುಂಗಾರು ಹಿಡಿಯುವ ಮೊದಲು, ಹೆಂಚು ಕೈಯಾಡಿಸಬೇಕು. ಕೋತಿ ಒಡೆದದ್ದನ್ನು ತೆಗೆದು, ಜಾರಿದ್ದನ್ನು ಸರಿಮಾಡಿ, ಸೇರಿದ ಕಸವನ್ನು ಗುಡಿಸಿ, ಸಾಲು ಹಿಡಿದು ಮತ್ತೆ ಜೋಡಿಸಬೇಕು. ಈ ಕೆಲಸ ಬಲ್ಲ ಆಳುಗಳು ಒಬ್ಬೊಬ್ಬರಾಗಿ ಮುದುಕರಾದರು. ಅವರ ಮಕ್ಕಳು ಬೆಂಗಳೂರಿಗೆ ಹೋದರು. ಅರುವತ್ತು ದಾಟಿದ ದೊಡ್ಡಣ್ಣ ಮಾಡು ಹತ್ತುವ ಹಾಗಿಲ್ಲ. ಮಳೆಗಾಲದಲ್ಲಿ ಅತ್ತಿಗೆ ಒಂಬತ್ತು ಪಾತ್ರೆಗಳನ್ನು ಒಂಬತ್ತು ಸೋರಿಕೆಗಳ ಕೆಳಗೆ ಇಡುತ್ತಾರೆ. ಯಾವ ಪಾತ್ರೆ ಎಲ್ಲಿ ಎಂಬುದು ಅವರಿಗೆ ಕತ್ತಲೆಯಲ್ಲಿಯೂ ಗೊತ್ತು. ಮೇಲೆ ಒಂದು ಆರ್.ಸಿ.ಸಿ. ಬಿದ್ದರೆ ಇರುಳು ನಿದ್ದೆ ಮಾಡಬಹುದು ಎಂಬುದು ಅವರ ಆಸೆ. ಇದು ದುರಾಸೆಯೆಂದು ಹೇಳಲು ಯಾರಿಗೆ ಬಾಯಿ ಬರುತ್ತದೆ?

ಮಾರಿಸನೂ ಕೆಲ್ಮ್‌ಸ್ಕಾಟಿಗೆ ಬೇಸಿಗೆಯ ಅತಿಥಿ. ಲಂಡನ್ನಿನಲ್ಲಿ ಅವನಿಗೆ ಬೇರೆ ಮನೆಯಿತ್ತು. ಚಳಿಗಾಲದಲ್ಲಿ ಹೊಳೆ ಉಕ್ಕಿ ಹುಲ್ಲುಗಾವಲೆಲ್ಲ ಕೆರೆಯಾಗಿ, ಕಲ್ಲುಗೋಡೆಗಳು ಥಂಡಿ ಹಿಡಿದಾಗ ಆ ಮನೆಯ ಸುಖ ಏನೆಂಬುದು ಅಲ್ಲಿ ವರ್ಷವಿಡೀ ಇದ್ದವರಿಗೆ ಗೊತ್ತು. ಕಟ್ಟಿದ ಟರ್ನರ್ ಮನೆತನದ ವಾರಸುದಾರರೇ ಅದನ್ನು ಬಾಡಿಗೆಗೆ ಬಿಟ್ಟದ್ದನ್ನು ನಾವು ಮರೆಯಬಾರದು. ಅಟ್ಟದಲ್ಲಿ ಮಲಗಿದ ಕುರುಬನಿಗೆ ಆ ತೊಲೆಗಳ ಚೆಲುವು ಕಂಡಿತ್ತೋ ಏನೋ; ಅವನು ಬರೆದಿಟ್ಟು ಹೋಗಲಿಲ್ಲ.

ಹಾಗಾದರೆ ಈ ಮನೆಯನ್ನು ಉಳಿಸಿದವರು ಯಾರು? ಮಾರಿಸನ ಹೆಸರು ಉಳಿಸಿತು ಎನ್ನುವುದು ಅರ್ಧ ಸತ್ಯ. ೧೮೯೬ರ ಅಕ್ಟೋಬರ್ ೩ರಂದು ಅವನು ತೀರಿಕೊಂಡಾಗ ಮನೆ ಅವನದಾಗಿರಲಿಲ್ಲ. ೧೯೧೩ರಲ್ಲಿ ಅದನ್ನು ಕೊಂಡವಳು ಜೇನ್. ಕುದುರೆಲಾಯದವನ ಮಗಳು, ಆ ಮನೆಯಲ್ಲಿ ಸುಖವನ್ನೂ ಅಪವಾದವನ್ನೂ ಸಮನಾಗಿ ಉಂಡವಳು. ಕೊಂಡ ಕೆಲವೇ ತಿಂಗಳಲ್ಲಿ, ೧೯೧೪ರ ಮೊದಲ ತಿಂಗಳಲ್ಲಿ, ತಾನೂ ಹೋದಳು. ತನಗಾಗಿ ಕೊಳ್ಳಲಿಲ್ಲ, ಹೆಣ್ಣುಮಕ್ಕಳಿಬ್ಬರಿಗಾಗಿ ಕೊಂಡಳು. ಹಿರಿಯವಳು ಜೆನ್ನಿ ಅಪಸ್ಮಾರದ ರೋಗಿ. ಕಿರಿಯವಳು ಮೇ, ಕಸೂತಿಯಲ್ಲಿ ತಂದೆಗೆ ಸಮನಾದ ಕಲಾವಿದೆ; ಇಪ್ಪತ್ತಮೂರನೆಯ ವಯಸ್ಸಿಗೇ ಅವನ ಕಂಪೆನಿಯ ಕಸೂತಿ ವಿಭಾಗವನ್ನು ನಡೆಸಿದವಳು. ಮಾರಿಸನ ಹಳೆಯ ಮಂಚಕ್ಕೆ ಅವನ ಪದ್ಯವನ್ನೇ ಸೂಜಿಯಲ್ಲಿ ಬರೆದು ಸುತ್ತುಪಟ್ಟಿ ಮಾಡಿದವಳು ಅವಳು. ೧೯೧೦ರಿಂದ ೧೯೧೫ರವರೆಗೆ ತಂದೆಯ ಕೃತಿಗಳನ್ನು ಇಪ್ಪತ್ತನಾಲ್ಕು ಸಂಪುಟಗಳಲ್ಲಿ ಸಂಪಾದಿಸಿದವಳೂ ಅವಳೇ. ಸಂಪಾದಕರ ಕಷ್ಟವನ್ನು ಬಲ್ಲ ನಾನು ಆ ಸಂಪುಟಗಳ ಸಾಲಿಗೆ ಮನಸ್ಸಿನಲ್ಲಿಯೇ ಕೈಮುಗಿದೆ.

೧೯೩೮ರಲ್ಲಿ ಮೇ ತೀರಿಕೊಂಡಾಗ, ಸಾಮಾನುಗಳೊಡನೆ ಹಾಗೆಯೇ ಕಾಪಾಡಬೇಕು, ಜನಕ್ಕೆ ತೋರಿಸಬೇಕು ಎಂಬ ಕಟ್ಟಳೆ ಹಾಕಿ ಮನೆಯನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಬರೆದಿಟ್ಟಿದ್ದಳು. ವಿಶ್ವವಿದ್ಯಾನಿಲಯಕ್ಕೆ ಅದನ್ನು ವಸ್ತುಸಂಗ್ರಹಾಲಯವಾಗಿ ಹೊತ್ತುಕೊಳ್ಳಲು ಮನಸ್ಸಾಗಲಿಲ್ಲ. ೧೯೬೨ರಲ್ಲಿ ಅದು ಲಂಡನ್ನಿನ ಪುರಾತತ್ತ್ವ ಸಂಘದ ಪಾಲಿಗೆ ಬಂದಿತು. ಅಷ್ಟರಲ್ಲಿ ಮನೆ ಬೀಳುವ ಸ್ಥಿತಿಗೆ ಹತ್ತಿರವಾಗಿತ್ತು. ಸಂಘದವರು ಆ ದಶಕದಲ್ಲಿ ಒಮ್ಮೆ ಕೈಯಿಟ್ಟು ನಿಲ್ಲಿಸಿದರು. ಮತ್ತೆ ಇತ್ತೀಚೆಗೆ ದೊಡ್ಡ ದುರಸ್ತಿ ನಡೆಸಿ ೨೦೨೨ರಲ್ಲಿ ಬಾಗಿಲು ತೆರೆದರು. ಇಂದು ಅಲ್ಲಿ ಟಿಕೇಟು ಕೊಂಡು ಒಳಗೆ ಹೋಗಬೇಕು. ಅಗ್ಗಿಷ್ಟಿಕೆಯಲ್ಲಿ ಬೆಂಕಿಯಿಲ್ಲ, ಅಡುಗೆಮನೆಯಲ್ಲಿ ವಾಸನೆಯಿಲ್ಲ, ಮಂಚದ ಮೇಲೆ ಯಾರೂ ಮಲಗುವುದಿಲ್ಲ. ಮನೆ ಬದುಕಿದೆ, ಮನೆತನ ಇಲ್ಲ. ಎರಡೂ ಒಟ್ಟಿಗೆ ಉಳಿಯುವ ಪುಣ್ಯ ಎಲ್ಲ ಮನೆಗಳಿಗೂ ಇರುವುದಿಲ್ಲವೆಂದು ತೋರುತ್ತದೆ.

ಆ ಮನೆಯ ಚರಿತ್ರೆಯಿಂದ ನಾನು ಕಲಿತದ್ದು ಒಂದೇ ಮಾತು. ಹಳೆಯ ಮನೆಯನ್ನು ಉಳಿಸುವುದು ಕಣ್ಣೀರಲ್ಲ. ವರ್ಷಕ್ಕೊಮ್ಮೆ ಮಾಡು ಹತ್ತುವ ಕೈ. ಜೇನ್ ಕಾಸು ಕೊಟ್ಟಳು, ಮೇ ಆಯಸ್ಸು ಕೊಟ್ಟಳು, ಹೆಸರಿಲ್ಲದ ಕೂಲಿಗಳು ಕಲ್ಲು ಹೊದಿಸಿದರು. ಆದ್ದರಿಂದ ಅಟ್ಟದಿಂದ ಇಳಿದ ಮೇಲೆ ತಂಗಿಗೆ, “ದೊಡ್ಡಣ್ಣನಿಗೆ ಬೇಡ ಎಂದು ಹೇಳುವ ಹಕ್ಕು ನಮಗೆ ಬರಬೇಕಾದರೆ ಹೆಂಚಿನ ಖರ್ಚು ನಮ್ಮಿಬ್ಬರದು. ಒಂದು ವರ್ಷಕ್ಕಲ್ಲ, ಪ್ರತಿವರ್ಷಕ್ಕೂ. ಯುಗಾದಿ ಕಳೆದ ಮೇಲೆ ನಾನು ಊರಿಗೆ ಹೋಗಿ ನಿಂತು ಮಾಡಿಸುತ್ತೇನೆ. ನಮ್ಮ ಕೈಯಲ್ಲಾಗದ ವರ್ಷ ಅವನು ಕೆಡವಿಸಲಿ, ಆಗ ನೀನು ಅಳಕೂಡದು” ಎಂದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅತ್ತಿಗೆಯನ್ನು ಮೊದಲು ಕೇಳು” ಎಂದಳು. ಅದು ನಾನು ಹೇಳಿದ್ದಕ್ಕಿಂತ ಒಳ್ಳೆಯ ಮಾತು. ಹಾಗೆಯೇ ಕಾಗದ ಬರೆದಿದ್ದೇನೆ; ಅತ್ತಿಗೆಗೆ, ಮೊದಲು.

ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಾರಿಸನ ಸಮಾಧಿಯುಂಟು. ಅವನ ದೇಹವನ್ನು ವಿಲೋ ರೆಂಬೆಗಳಿಂದ ಸಿಂಗರಿಸಿದ ಹೊಲದ ಗಾಡಿಯಲ್ಲಿ ಅಲ್ಲಿಗೆ ತಂದರಂತೆ. ಕಲ್ಲನ್ನು ರೂಪಿಸಿದವನು ಅವನ ಗೆಳೆಯನಾದ ವಾಸ್ತುಶಿಲ್ಪಿ ಫಿಲಿಪ್ ವೆಬ್. ನಿಲ್ಲಿಸಿದ ಫಲಕವಲ್ಲ, ಮಲಗಿಸಿದ ಕಲ್ಲು. ನಡುವೆ ನೆತ್ತಿ, ಎರಡು ಕಡೆಗೂ ಇಳಿಜಾರು—ಒಂದು ಪುಟ್ಟ ಮನೆಯ ಮಾಡಿನಂತೆಯೇ ಇದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ನಾಲ್ವರ ಹೆಸರೂ ಅದರ ಮೇಲಿದೆ. ಬದುಕಿನಲ್ಲಿ ಒಂದೇ ಸೂರಿನಡಿ ನೆಮ್ಮದಿಯಾಗಿ ಕೂಡಿ ಬಾಳುವುದು ಕಷ್ಟವಾಗಿದ್ದವರು ಈಗ ಹಾಗೆ ಮಲಗಿದ್ದಾರೆ. ಕೈಯಾಡಿಸುವ ಕೆಲಸವಿಲ್ಲದ ಮಾಡು ಲೋಕದಲ್ಲಿ ಅದೊಂದೇ ಬಗೆಯದು. ಅದರ ಮೇಲೂ ಹಾವಸೆ ಹಿಡಿದಿತ್ತು. ಯಾರೂ ಅದನ್ನು ಕೆರೆದಿರಲಿಲ್ಲ.